ಬಸಿರಿಲ್ಲದ ಬಸಿರಿನ ರಿಪೋರ್ಟು

ರಕ್ತ, ಉಚ್ಚೆ ಪರೀಕ್ಷೆ ಮಾಡುವವನ ಬಾಳಿನಲ್ಲಿ ನಗುವಂಥದ್ದೇನಿರುತ್ತದೆ ಎಂದು ನನ್ನ ಹೆಂಡತಿ ಕೇಳುತ್ತಿರುತ್ತಾಳೆ. ಚಿಕ್ಕೋಡಿಯ ನಮ್ಮ ಲ್ಯಾಬಿನ ಬೆಂಚಿನ ಮೇಲೆ ಒಂದು ವಾರ ಕೂತಿದ್ದರೆ ಕೇಳುತ್ತಿರಲಿಲ್ಲ. ಎದೆ ಡವಡವ ಎನ್ನುವಾಗಲೇ ಜನರ ಬಾಯಿಂದ ನಗು ತರಿಸುವ ಮಾತು ಬರುತ್ತದೆ. ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲದಲ್ಲಿ ಒಂದೇ ಮನೆಯವರು ಎಂಟು ತಿಂಗಳು ನನ್ನನ್ನು ನಿಂತಲ್ಲಿ ನಿಲ್ಲಗೊಡಲಿಲ್ಲ. ಅವರದ್ದೇ ಒಂದಿಷ್ಟು ಹೇಳುತ್ತೇನೆ.

ನೀರು

ನಿಪ್ಪಾಣಿ ಕಡೆಯ, ಬೀಡಿ ಕಟ್ಟುವ ಹೆಣ್ಣುಮಗಳು. ಮುಟ್ಟು ನಿಂತು ಮೂರು ತಿಂಗಳು. ಹೊಟ್ಟೆ ಮಾತ್ರ ಐದು ತಿಂಗಳಷ್ಟು ಕಾಣುತ್ತಿತ್ತು, ನಡುನಡುವೆ ರಕ್ತ ಹೋಗುತ್ತಿತ್ತು. ಜೊತೆಗೆ ಬಂದಿದ್ದವಳು ಎರಡು ಎಮ್ಮೆ ಸಾಕಿ ಹಾಲು ಮಾರುವ ಅವಳ ಅತ್ತೆ.

ಉಚ್ಚೆಯ ಹನಿಯನ್ನು ಪಟ್ಟಿಗೆ ಬಿಟ್ಟೆ. ಒಂದೇ ಗೆರೆ. ‘ಬಸಿರಿಲ್ಲ’ ಎಂದು ಬರೆದು ಮಹಡಿಯ ಮೇಲಿನ ಲೇಡಿ ಡಾಕ್ಟರಿಗೆ, ಎಂದರೆ ನಮ್ಮೆಲ್ಲರ ‘ಬಾಯಿಯವರಿಗೆ’, ಕಳಿಸಿದೆ. ಅವರು ಚೀಟಿ ಹಿಡಿದು ತಾವೇ ಇಳಿದು ಬಂದರು.

"ಬಸಿರಿನ ಹಾರ್ಮೋನು ವಿಪರೀತ ಹೆಚ್ಚಾದ್ರೂ ಪಟ್ಟಿ ಹಿಂಗ ಸುಳ್ಳ ಹೇಳತೈತ್ರಿ. ನೀರ ಬೆರಸಿ ಮತ್ತ ನೋಡ್ರಿ."

ಬೆರೆಸಿದೆ. ಎರಡನೇ ಗೆರೆ ಕಡುಕೆಂಪಾಗಿ ಎದ್ದಿತು. ಬಾಯಿಯವರ ಮುಖ ಬಿಗಿಯಿತು. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಗದ್ದಕ್ಕೆ ಕೈ ಹಚ್ಚಿದಳು.

"ಎಂಥಾ ಕಾಲ ಬಂತೋ ಯಪ್ಪಾ! ನಾ ನೀರ ಹಾಕಿದ್ರ ಮೋಸ ಅಂತಾರ. ಇವರು ಹಾಕಿದ್ರ ಖರೆ ಹೊರಗ ಬರತೈತಿ!"

ದ್ರಾಕ್ಷಿ

ಸ್ಕ್ಯಾನಿಂಗ್ ಆಯಿತು. ಅಷ್ಟರಲ್ಲಿ ಗಂಡನೂ ಅಥಣಿಯಿಂದ ಓಡಿ ಬಂದ. ಅಲ್ಲಿ ದ್ರಾಕ್ಷಿ ತೋಟದಲ್ಲಿ ಅವನ ಕೆಲಸ.

ಬಾಯಿಯವರು ಮೂವರನ್ನೂ ಕೂರಿಸಿ ಹೇಳಿದರು. "ಹೊಟ್ಟ್ಯಾಗ ಕೂಸಿಲ್ಲ. ಕೂಸಿನ ಮಾಸು ಕೆಟ್ಟು, ಬರೇ ನೀರಿನ ಗುಳ್ಳಿ ಬೆಳದಾವ. ದ್ರಾಕ್ಷಿ ಗೊಂಚಲ ಇದ್ದಂಗ. ಎಲ್ಲಾ ತಗದ ಸ್ವಚ್ಛ ಮಾಡ್ತೀನಿ. ಆಮ್ಯಾಲ ವಾರಾ ವಾರಾ ರಕ್ತ ನೋಡಬೇಕು. ಆ ಹಾರ್ಮೋನು ಇಳದ ಇಳದ ಇಲ್ಲದಂಗ ಆಗಬೇಕು. ನಿಂತ್ರ ಇಲ್ಲಾ ಏರಿದ್ರ, ಒಳಗ ಉಳದದ್ದು ಕ್ಯಾನ್ಸರ್ ಆಗಾಕತ್ತೈತಿ ಅಂತ ತಿಳೀಬೇಕು."

ಹೆಣ್ಣುಮಗಳು ಸೆರಗಿನ ಅಂಚನ್ನು ಬೀಡಿಯ ಹಾಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಗಂಡ ಬಿಳಿಚಿಕೊಂಡಿದ್ದ. "ತಪ್ಪು ನಂದ್ರಿ ಬಾಯರ. ಬಸಿರ ಹೆಂಗಸು ತಿನ್ನಲಿ ಅಂತ ತೋಟದಾಗಿಂದ ಬುಟ್ಟಿಗಟ್ಟಲೆ ದ್ರಾಕ್ಷಿ ತಂದಕೊಟ್ಟೀನ್ರಿ."

"ತಿಂದದ್ದಕ್ಕೂ ಇದಕ್ಕೂ ಸಂಬಂಧ ಇಲ್ಲಪಾ" ಎಂದರು ಬಾಯಿಯವರು. ಅವನು ನಂಬಲಿಲ್ಲ. ಆಗ ಅತ್ತೆಯೇ ಮಗನಿಗೆ ಧೈರ್ಯ ಹೇಳಿದಳು.

"ನಿಂದೇನ ತಪ್ಪಲೇ? ನಿಮ್ಮ ತೋಟದಾಗಿನವು ಬೀಜ ಇಲ್ಲದ ದ್ರಾಕ್ಷಿ!"

ಒಂದೇ ದೇವರು

ವಾರವಾರ ರಕ್ತ ತೆಗೆದು, ಐಸಿನ ಥರ್ಮಾಸಿನಲ್ಲಿಟ್ಟು, ಬಸ್ಸಿಗೆ ಹಾಕಿ ಕೊಲ್ಹಾಪುರದ ದೊಡ್ಡ ಲ್ಯಾಬಿಗೆ ಕಳಿಸುತ್ತಿದ್ದೆವು. ಮರುದಿನ ಅಲ್ಲಿಂದ ಫೋನಿನಲ್ಲಿ ಅಂಕಿ ಬರುತ್ತಿತ್ತು. ಮೊದಲೆಲ್ಲ ಸರಸರ ಇಳಿಯಿತು. ಆಮೇಲೆ ಮೂರು ವಾರ ಹೆಚ್ಚುಕಡಿಮೆ ಅದೇ ಅಂಕಿ. ಇಳಿಯಲೊಲ್ಲದು. ಬಾಯಿಯವರು ತಡಮಾಡದೆ ಬೆಳಗಾವಿಗೆ ಕಳಿಸಿ ಕ್ಯಾನ್ಸರಿನ ಇಂಜೆಕ್ಷನ್ ಶುರು ಮಾಡಿಸಿದರು.

ಅದಾದ ಮೇಲಿನ ಮೊದಲ ಅಂಕಿಗಾಗಿ ಕಾದ ದಿನ ನಾನು ಫೋನನ್ನು ಹತ್ತು ಸಲ ಎತ್ತಿ ನೋಡಿದೆ, ಸತ್ತುಗಿತ್ತಿದೆಯೇನೋ ಎಂದು. ಸೊಸೆ ಹೊರಗೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಅತ್ತೆ ಗೋಡೆಯ ಕ್ಯಾಲೆಂಡರಿನ ಗಣಪತಿಗೆ ಕೈ ಮುಗಿದು, "ಇಳಸೋ ತಂದೆ, ಇಳಸೋ" ಎನ್ನುತ್ತಿದ್ದಳು. ಪಕ್ಕದಲ್ಲಿ ರಾಯಬಾಗದ ಇನ್ನೊಬ್ಬ ಅತ್ತೆ ಕೂತಿದ್ದಳು. ಅವಳ ಸೊಸೆಗೆ ಏಳು ವರ್ಷ ಮಕ್ಕಳಿರಲಿಲ್ಲ. ಬಸಿರು ನಿಂತಿದೆಯೋ ಇಲ್ಲವೋ ನೋಡಲು ಅದೇ ಹಾರ್ಮೋನಿನ ಪರೀಕ್ಷೆ ಅವರದ್ದೂ. ಆಕೆ, "ಏರಸೋ ತಂದೆ, ಏರಸೋ" ಎನ್ನುತ್ತಿದ್ದಳು.

ಎರಡೂ ದನಿ ಏರುತ್ತ ಹೋದವು. ಕಡೆಗೆ ರಾಯಬಾಗದವಳಿಗೆ ತಡೆಯಲಾಗಲಿಲ್ಲ.

"ಅಕ್ಕಾ, ನೀ ಮೊದಲ ಬೇಡಿ ಮುಗಿಸು. ನಾ ಆಮ್ಯಾಲ ಬೇಡ್ಕೋತೀನಿ. ಒಬ್ಬನ ದೇವರು, ಗಡಬಡಿಯೊಳಗ ನಂದ ನಿನಗ ಕೊಟ್ಟಗಿಟ್ಟಾನು!"

ಗಣಪತಿ ಗಡಿಬಿಡಿ ಮಾಡಲಿಲ್ಲ. ಇವರದು ಇಳಿಯಿತು, ಅವರದು ಏರಿತು.

ಪೇಡೆ

ಇಂಜೆಕ್ಷನ್ನುಗಳು ಮುಗಿದವು. ಸತತ ಮೂರನೇ ವಾರವೂ ಅಂಕಿ ಇಲ್ಲವೆನ್ನುವಷ್ಟು ಕಡಿಮೆ ಬಂತು. "ಸೊನ್ನೀನ ಅಂತ ತಿಳೀರಿ" ಎಂದರು ಬಾಯಿಯವರು. "ಇನ್ನೊಂದ ವರ್ಷ ತಿಂಗಳಾ ತಿಂಗಳಾ ಬಂದ ರಕ್ತ ತೋರಸ್ರಿ. ಅಲ್ಲೀತನಕಾ ಬಸಿರು ಬ್ಯಾಡ. ಆದ್ರ ಗೆದ್ರಿ."

ಎಂಟು ತಿಂಗಳಲ್ಲಿ ಒಮ್ಮೆಯೂ ಅಳದಿದ್ದ ಸೊಸೆ ನನ್ನ ಮೇಜಿಗೆ ತಲೆ ಹಚ್ಚಿ ಅತ್ತುಬಿಟ್ಟಳು. ಗಂಡ ಏನು ಮಾಡಬೇಕೆಂದು ತೋಚದೆ ನನ್ನ ಕೈ ಹಿಡಿದು ಅಲ್ಲಾಡಿಸುತ್ತಲೇ ಇದ್ದ. ಅತ್ತೆ ಮಾತ್ರ ಎಲ್ಲೋ ಮಾಯವಾದವಳು, ಪೇಡೆಯ ಡಬ್ಬಿ ಹಿಡಿದು ಬಂದು ಬೆಂಚಿನ ಮೇಲಿದ್ದವರಿಗೆಲ್ಲ ಹಂಚತೊಡಗಿದಳು.

ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಶೇಡಬಾಳದಿಂದ ಬಂದಿದ್ದ ಅಜ್ಜನೊಬ್ಬ, ನಾನು ಬೇಡವೆನ್ನುವಷ್ಟರಲ್ಲಿ ಪೇಡೆ ಬಾಯಿಗೆ ಹಾಕಿಕೊಂಡ. ಅವನಿಗೆ ಕಿವಿ ಸ್ವಲ್ಪ ಮಂದ.

"ಏನ ಬಂತವ್ವಾ ನಿಮ್ಮನಿಗೆ?"

"ಸೊನ್ನಿ ಬಂತೋ ಯಜ್ಜಾ, ಸೊನ್ನಿ!"

"ಸೋನಿ? ಹೆಸರ ಭಾಳ ಛಲೋ ಇಟ್ಟೀರಿ. ಲಕ್ಷ್ಮೀನ ಬಂದಾಳ ಬಿಡು. ತೂಕ ಎಷ್ಟೈತಿ?"

ಸೊಸೆ ಮೇಜಿನಿಂದ ತಲೆ ಎತ್ತಿ, ಮೂಗು ಒರೆಸಿಕೊಳ್ಳುತ್ತ, ಅಜ್ಜನ ಕಿವಿಗೆ ಕೇಳುವಂತೆ ಕೂಗಿ ಹೇಳಿದಳು.

"ತೂಕ ಪೂರಾ ಇಳಿಸಿ ಸೊನ್ನಿ ಮಾಡೇವ್ರಿ ಅಜ್ಜಾ! ಅದಕ್ಕ ಪೇಡೆ!"