ಮೀನು ಇವತ್ತಿನದ್ದು, ಸಾರು ನಿನ್ನೆಯದ್ದು

ಬಂಟ್ವಾಳದ ಮೀನು ಮಾರ್ಕೆಟಿನ ಎದುರು ತೆಂಗಿನಕಾಯಿ, ಮೆಣಸು ಮಾರುವ ನನ್ನಂಥವನಿಗೆ ನಗಲಿಕ್ಕೆ ಬೇರೆ ಖರ್ಚಿಲ್ಲ. ಅಂಗಡಿ ಬಾಗಿಲು ತೆರೆದು ಕೂತರೆ ಸಾಕು, ನಗು ತಾನಾಗಿಯೇ ನಡೆದು ಬರುತ್ತದೆ.

ಕಳೆದ ವರ್ಷ ನಡೆದು ಬಂದದ್ದು ಘಟ್ಟದ ಮೇಲಿನ ಒಬ್ಬರು ಕಾಲೇಜು ಮಾಸ್ಟ್ರು. ನಮ್ಮ ಪಕ್ಕದ ಮನೆಗೇ ಬಾಡಿಗೆಗೆ ಬಂದರು. ಹೊಸದಾಗಿ ಮದುವೆಯಾಗಿದೆ, ಹೆಂಡತಿ ಇನ್ನೂ ತವರಲ್ಲಿ. ಮಾವನವರ ಷರತ್ತು ಹೀಗಂತೆ: "ನನ್ನ ಮಗಳಿಗೆ ನೀರು ಕಾಯಿಸೋಕೂ ಬರಲ್ಲ. ಕರಾವಳಿಗೆ ಹೋಗಿದ್ದೀರಿ, ಒಳ್ಳೇ ಮೀನು ಸಾರು ಮಾಡೋದು ಕಲೀರಿ. ನಾನು ಬಂದು ಉಂಡು ನೋಡ್ತೀನಿ. ಆಮೇಲೆ ಅವಳನ್ನು ಕಳಿಸ್ತೀನಿ."

ಯಾರು ತಾಜಾ?

ಮೊದಲ ದಿನ ಮಾಸ್ಟ್ರು ಬಂಗುಡೆಯ ಬುಟ್ಟಿಯ ಮುಂದೆ ಕೂತು ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿದರು, ಕಣ್ಣು ಒತ್ತಿದರು, ಮೂಸಿದರು. ಕಡೆಗೆ ಕೇಳಿದರು, "ತಾಜಾ ಉಂಟಾ?"

ಮೀನು ಮಾರುವ ಬಾಯಮ್ಮ ಇನ್ನೂ ಬೋಣಿಯಾಗದೆ ಕಾಯುತ್ತಿದ್ದಳು. ಹೇಳಿದಳು, "ಮಾಸ್ಟ್ರೇ, ಮೀನೂ ನಾನೂ ಬೆಳಿಗ್ಗೆ ಒಂದೇ ಟೆಂಪೋದಲ್ಲಿ ಬಂದದ್ದು. ಮೀನು ಹಾಗೆಯೇ ಉಂಟು. ನಿಮ್ಮ ತಪಾಸಣೆ ಮುಗಿಯುವಷ್ಟರಲ್ಲಿ ನಾನು ಹಾಳಾದೆ."

ಬಾಯಿ ಬಿಟ್ಟ ಮರುವಾಯಿ

ಮರುವಾಯಿ ಅಂದರೆ ಚಿಪ್ಪಿನ ಮೀನು. ಮಾಸ್ಟ್ರು ಒಂದು ಚೀಲ ಕೊಂಡರು. ಮಣ್ಣು ಬಿಡಲಿ, ನೀರಿನಲ್ಲಿ ಹಾಕಿಡಿ ಎಂದು ನಾನೇ ಹೇಳಿದ್ದೆ. ಮಾರನೆಯ ದಿನ ಬಂದರು, ಮುಖ ಸಣ್ಣದಾಗಿತ್ತು.

"ಎಲ್ಲ ಮೆಲ್ಲಗೆ ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿದವು ಸಾರ್. ಜೀವ ಇದೆ ಅಂತ ಗೊತ್ತಾದ ಮೇಲೆ ಹೇಗೆ ಬೇಯಿಸಲಿ? ಹೊಳೆಗೆ ಬಿಟ್ಟು ಬಂದೆ."

ಬಾಯಮ್ಮನಿಗೆ ಕೇಳಿಸಿತು. ಅಲ್ಲಿಂದಲೇ ಕೂಗಿದಳು, "ಮಾಸ್ಟ್ರೇ, ಬನ್ನಿ ಬನ್ನಿ! ನೀವು ಬಿಟ್ಟದ್ದನ್ನೇ ಹೆಕ್ಕಿ ತಂದಿದ್ದೇವೆ. ನಿಮ್ಮ ಪರಿಚಯದವು, ಮೊದಲು ನಿಮಗೇ ಕೊಡ್ತೇನೆ."

ಸೌಟು

ಒಂದು ಶನಿವಾರ ಸುದ್ದಿ ಬಂತು: ನಾಳೆ ಮಾವ ಬರುತ್ತಾರೆ. ಮಾಸ್ಟ್ರು ಓಡಿ ಬಂದರು.

"ಒಂದೇ ಮಾತು ನೆನಪಿಡಿ ಮಾರಾಯ್ರೆ," ಎಂದೆ. "ಮೀನು ಇವತ್ತಿನದ್ದಾಗಬೇಕು, ಸಾರು ನಿನ್ನೆಯದ್ದಾಗಬೇಕು. ಇವತ್ತೇ ಮಾಡಿಡಿ, ನಾಳೆಗೆ ಹುಳಿ-ಖಾರ ಹಿಡಿಯುತ್ತದೆ."

ಮಾಡಿದರು. ಆದರೆ ಅಡಿ ಹಿಡಿದೀತೆಂಬ ಹೆದರಿಕೆಯಲ್ಲಿ ಸಂಜೆಯಿಡೀ ಸೌಟು ಆಡಿಸಿದರು. ಮೀನು ಹಾಕಿದ ಮೇಲೆ ಸೌಟು ಮುಟ್ಟಬಾರದು, ಮಡಕೆಯನ್ನೇ ಹಿಡಿದು ಅಲ್ಲಾಡಿಸಬೇಕು. ನಮ್ಮಲ್ಲಿ ಇದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಯಾರಿಗೂ ಹೇಳುವುದಿಲ್ಲ. ಬೆಳಿಗ್ಗೆ ನನ್ನ ಹೆಂಡತಿ ಹೋಗಿ ನೋಡಿ ಬಂದು ಹೇಳಿದಳು, "ಮೀನು ಇಲ್ಲ. ಮುಳ್ಳಿನ ಪಾಯಸ ಉಂಟು."

ಪರೀಕ್ಷೆ

ಮಾವ ಬರಲು ಅರ್ಧ ಗಂಟೆ ಇತ್ತು. ನಮ್ಮ ಮನೆಯಲ್ಲಿ ಒಂದು ಮಡಕೆ ನಿನ್ನೆಯ ಸಾರು ಇತ್ತು. ನಾನು ವ್ಯಾಪಾರಿ, ಬೇಡಿಕೆ ಏರಿದಾಗ ಮಾಲನ್ನು ಸುಮ್ಮನೆ ಬಿಡುವುದಿಲ್ಲ.

"ಸಾರು ಕೊಡ್ತೇನೆ. ಇನ್ನು ಮುಂದೆ ತೆಂಗಿನಕಾಯಿ ಆಚೆ ಅಂಗಡಿಯಿಂದ ತರಬಾರದು."

ಮಾಸ್ಟ್ರು ಕೈಮುಗಿದರು. ಮಡಕೆ ಎರಡು ಮನೆಗಳ ನಡುವಿನ ಗೋಡೆ ದಾಟಿತು.

ಮಾವ ಉಂಡರು, ಬೆರಳು ನೆಕ್ಕಿದರು. "ಅಳಿಯಂದ್ರೇ, ರಾತ್ರಿಗೂ ಮಾಡಿ. ನಾನು ಪಕ್ಕದಲ್ಲೇ ನಿಂತು ಕಲೀತೀನಿ," ಎಂದರಂತೆ. ಮಾಸ್ಟ್ರ ಬುದ್ಧಿ ಚುರುಕಾಯಿತು: "ಇದು ಇವತ್ತು ಮಾಡಿದ್ರೆ ನಾಳೆಯೇ ರುಚಿ, ಮಾವ."

"ಹೌದಾ? ಹಾಗಾದ್ರೆ ನಾಳೆವರೆಗೂ ಇರ್ತೀನಿ."

ಮಾವ ವಾರವಿಡೀ ಇದ್ದರು. ಗೋಡೆಯ ಮೇಲೆ ಮಡಕೆ ಹೋಯಿತು, ಬಂತು, ಹೋಯಿತು. ನನ್ನ ಲಾಭವನ್ನೆಲ್ಲ ಮಾವ ಉಂಡು, ಸಂತೋಷದಿಂದ ಊರಿಗೆ ಹೊರಟರು.

ಕೆಲವೇ ದಿನಗಳಲ್ಲಿ ಮಗಳು ಬಂದಳು. ಬಂದವಳು ಮೊದಲು ನಮ್ಮ ಬಾಗಿಲಿಗೇ ಬಂದಳು, ಕೈಯಲ್ಲಿ ತೊಳೆದ ಮಡಕೆ.

"ಅಕ್ಕಾ, ನಿಮ್ಮದಂತೆ. ಹೋದ ತಕ್ಷಣ ಕೊಡು ಅಂದಿದ್ರು ಅಪ್ಪ."

ನನ್ನ ಹೆಂಡತಿ ಗಾಬರಿಯಾದಳು. "ಅವರಿಗೆ ಹೇಗೆ ಗೊತ್ತಾಯ್ತು?"

"ಮೊದಲ ದಿನಾನೇ. ಊಟಕ್ಕೆ ಕೂತು, ಮೊದಲ ತುತ್ತಿಗೇ ನಮ್ಮ ಯಜಮಾನ್ರೇ 'ಅಬ್ಬಾ, ಇದಕ್ಕೆ ಏನು ಹಾಕಿದ್ದಾರೆ!' ಅಂದ್ರಂತೆ."

"ಮತ್ತೆ ನಿನ್ನನ್ನು ಕಳುಹಿಸಿದ್ದು ಹೇಗೆ?" ಎಂದು ನಾನು ಕೇಳಿದೆ.

ಹುಡುಗಿ ನಕ್ಕಳು. "ಅಪ್ಪ ಹೇಳಿದ್ರು: 'ನಿನಗೂ ಅಡುಗೆ ಬರಲ್ಲ, ಅವನಿಗೂ ಬರಲ್ಲ. ಆದ್ರೆ ಗೋಡೆ ಗಿಡ್ಡ ಇದೆ ಮಗಳೇ. ಧೈರ್ಯವಾಗಿ ಹೋಗು.'"