ಅಂಕಲ್ ಮಂಡಿಯಲ್ಲಿ ಸಿಕ್ಕ ಗುಂಡು

ಎಲುಬು ಅಳೆಯುವವನಿಗೆ ನಗು ಎಲ್ಲಿಂದ ಬರಬೇಕು ಎನ್ನುತ್ತೀರಾ? ಒಂದು ದಿನ ದೆಹಲಿಯ ನಮ್ಮ ಸ್ಕ್ಯಾನ್ ವಿಭಾಗಕ್ಕೆ ಬಂದು ಕೂತು ನೋಡಿ. ಒಂದೇ ಮಂಡಿಯನ್ನು ಎಕ್ಸ್-ರೇ, ಸಿಟಿ, ಎಂಆರ್‌ಐ ಮೂರರಲ್ಲೂ ಅಳೆದು, ಯಾವುದರ ಲೆಕ್ಕ ಸರಿ ಎಂದು ಹೋಲಿಸುವ ಅಧ್ಯಯನ ನಡೆದಿತ್ತು. ಬೇಕಾಗಿದ್ದದ್ದು ಮೂವತ್ತು ಮಂಡಿ. ಮಂಡಿ ಕೊಡುವವರು ಜೊತೆಗೆ ತಲೆಯನ್ನೂ ತರುತ್ತಾರಲ್ಲ, ಕಷ್ಟ ಇದ್ದದ್ದು ಅಲ್ಲೇ.

ಸರಿ ಉತ್ತರ

ಮುಖರ್ಜಿ ನಗರದಲ್ಲಿ ಐಎಎಸ್ ಕೋಚಿಂಗ್‌ಗೆ ಹೋಗುವ ನಮ್ಮ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಮಂಡಿಯ ಎಲುಬಿನ ಅಗಲ ಎಕ್ಸ್-ರೇಯಲ್ಲಿ ಎಂಬತ್ತು ಮಿಲಿಮೀಟರ್, ಸಿಟಿಯಲ್ಲಿ ಎಪ್ಪತ್ತಮೂರು, ಎಂಆರ್‌ಐಯಲ್ಲಿ ಎಪ್ಪತ್ತೆರಡು.

"ಸರ್, ಇದ್ರಲ್ಲಿ ಕರೆಕ್ಟ್ ಆನ್ಸರ್ ಯಾವ್ದು?"

"ಅದನ್ನೇ ಹುಡುಕ್ತಾ ಇದ್ದೀವಮ್ಮಾ."

"ಆನ್ಸರ್ ಕೀ ಇಲ್ದೇ ಪರೀಕ್ಷೆ ಮಾಡಿದ್ರಾ?" ಎಂದವಳೇ ಅಲ್ಲೇ ಕೂತು ಆಕ್ಷೇಪಣೆ ಬರೆದುಕೊಟ್ಟು ಹೋದಳು. ತನ್ನದೇ ಮಂಡಿಯ ಮೇಲೆ!

ದುಂಡನೆಯ ವಸ್ತು

ಕೊನೆಯ ಮಂಡಿ ಕಿದ್ವಾಯಿ ನಗರದಲ್ಲಿ ಮಗನ ಕ್ವಾರ್ಟರ್ಸಿನಲ್ಲಿರುವ ಒಬ್ಬ ನಿವೃತ್ತ ಗುಮಾಸ್ತರದು. ಎಕ್ಸ್-ರೇ ಎಂದರೆ ನೆರಳು, ಎಲುಬು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಷ್ಟು ದೊಡ್ಡದಾಯಿತೆಂದು ತಿಳಿಯಲು, ಅಳತೆ ಗೊತ್ತಿರುವ ಸ್ಟೀಲ್ ಗೋಲಿಯೊಂದನ್ನು ಸ್ಪಂಜಿನೊಳಗಿಟ್ಟು ಮಂಡಿಗೆ ಒತ್ತಿಡುತ್ತೇವೆ. ಪರದೆಯ ಮೇಲೆ ಎಲುಬಿನ ಪಕ್ಕ ಅದು ಬೆಳ್ಳಗೆ ಹೊಳೆಯಿತು. ಅಂಕಲ್ ಬೆವರಿದರು. ಜೊತೆಗೆ ಬಂದಿದ್ದ ಅವರ ಹೆಂಡತಿ, ಆಂಟಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ದೆಹಲಿ ಸೆಕೆ ಎಂದುಕೊಂಡು ನಾನು ಎಸಿ ಜಾಸ್ತಿ ಮಾಡಿದೆ.

ಲೋಹ ಇದೆಯೇ?

ಮಧ್ಯಾಹ್ನ ಎಂಆರ್‌ಐ. ದೊಡ್ಡ ಅಯಸ್ಕಾಂತ ಅದು, ಮೈಯಲ್ಲಿ ಲೋಹವಿದ್ದರೆ ಒಳಗೆ ಬಿಡುವಂತಿಲ್ಲ. ಅಂಕಲ್ ಜೊತೆ ಪಾರ್ಕಿನ ಗೆಳೆಯರಿಬ್ಬರು ಬಂದಿದ್ದರು. ಅವರೆದುರೇ ಕೇಳಿದೆ: "ಮೈಯಲ್ಲಿ ಲೋಹ ಏನಾದ್ರೂ ಇದ್ಯಾ ಅಂಕಲ್?"

"ಇದೆ. ಗಡಿಯಲ್ಲಿ ತಗುಲಿದ ಗುಂಡು," ಎಂದರು. ಗೆಳೆಯರು ಹೆಮ್ಮೆಯಿಂದ ತಲೆಯಾಡಿಸಿದರು.

ಈ ಮಂಡಿ ಕೈಬಿಟ್ಟರೆ ಲೆಕ್ಕ ಇಪ್ಪತ್ತೊಂಬತ್ತಕ್ಕೇ ನಿಲ್ಲುತ್ತದೆ. ಬದಿಗೆ ಕರೆದು ಕೇಳಿದರೆ ಅಂಕಲ್ ಪಿಸುಗುಟ್ಟಿದರು: "ಪಾರ್ಕಿನಲ್ಲಿ ಮೂವತ್ತು ವರ್ಷದಿಂದ ಬಿಡ್ತಾ ಇರೋ ಬುರುಡೆ ಕಣಪ್ಪಾ ಅದು. ಆದ್ರೆ ಬೆಳಿಗ್ಗೆ ಕಣ್ಣಾರೆ ನೋಡಿದ್ನಲ್ಲ! ಒಳಗೆ ಹೇಗೆ ಬಂತು?"

ಗೋಲಿ ತಂದು ತೋರಿಸಿದೆ. ಅವರಿಗೆ ಹೋದ ಜೀವ ಬಂದಂತಾಯಿತು. ಫಾರಂನಲ್ಲಿ 'ಇಲ್ಲ' ಎಂದು ಬರೆದು, "ನಮ್ಮನೆಯವಳಿಗೆ ಮಾತ್ರ ಹೇಳ್ಬೇಡ, ಪಾಪ, ನಂಬಿಕೊಂಡಿದ್ದಾಳೆ," ಎಂದು ಒಳಗೆ ಹೋದರು. ನನಗೂ ಅಯ್ಯೋ ಅನಿಸಿತು.

ಬಾಗಿಲು ಮುಚ್ಚಿದ್ದೇ ತಡ, ಆಂಟಿ ಗಾಬರಿಯಿಂದ ನನ್ನ ಹತ್ತಿರ ಬಂದರು.

"ಗಡಿಯೂ ಇಲ್ಲ, ಮಣ್ಣೂ ಇಲ್ಲ. ಸರೋಜಿನಿ ನಗರದಲ್ಲಿ ಸ್ಕೂಟರಿನಿಂದ ಬಿದ್ದು ಮಾಡ್ಕೊಂಡ ಮಂಡಿ ಅದು. ನಂಗೆ ಮೊದ್ಲಿಂದ್ಲೂ ಗೊತ್ತು."

"ಮತ್ತೆ ಯಾಕೆ ಹೆದ್ರಿದ್ದೀರಿ ಆಂಟಿ?"

"ಬೆಳಿಗ್ಗೆ ಗುಂಡು ಕಾಣಿಸ್ತಲ್ಲಪ್ಪಾ! ಬಿದ್ದಾಗ್ಲೇ ಸ್ಕೂಟರಿಂದು ಏನೋ ಒಳಗೆ ಹೊಕ್ಕಿರ್ಬೇಕು. ನಂಗೂ ಒಂದು ಎಕ್ಸ್-ರೇ ತೆಗಿ. ಸ್ಕೂಟರ್ ಹಿಂದಿನ ಸೀಟಲ್ಲಿ ನಾನೂ ಇದ್ದೆ."