ಕಾರಂಜಿ ನೋಡಲು ಹೊರಟ ಮಾಮಿ

ಕಳೆದ ತಿಂಗಳು ಹಲಸೂರಿನ ನಮ್ಮ ಬೀದಿಗೆ ಕಳವಳದ ಸುದ್ದಿಯೊಂದು ಬಂತು: ಕನ್ನಂಬಾಡಿ ಪಿಕ್ನಿಕ್ಕಿನ ಭಾನುವಾರವೇ ನಲ್ಲಿ ನೀರಿನ ಸರದಿಯೂ ಬಿದ್ದಿತ್ತು. ಹಿರಿಯರ ತುರ್ತು ಸಭೆ ಸೇರಿ, ಕಾಫಿ ಕುಡಿದು, ಏನನ್ನೂ ನಿರ್ಧರಿಸದೆ ಮುಗಿಯಿತು. ಆ ಅಣೆಕಟ್ಟೆಗೆ ಹೊರಟಾಗಲೆಲ್ಲ ನಮಗೆ ಹೀಗೇ ಆಗುತ್ತದೆ.

ಕ್ಯಾನು

ಮೊದಲ ಸಲ ಹೋದಾಗ ಬೀದಿಯಲ್ಲಿ ಹೆಂಚಿನ ಮನೆಗಳಿದ್ದವು. ಇಡೀ ಬೀದಿ ಒಂದೇ ವ್ಯಾನಿನಲ್ಲಿ ಹಿಡಿಸುತ್ತಿತ್ತು. ಪಕ್ಕದ ಮನೆ ಮಾಮಿಗೆ ಒಂದೇ ಆಸೆ: ಸಂಜೆ ದೀಪ ಹತ್ತಿದ ಮೇಲೆ ಬಣ್ಣದ ಕಾರಂಜಿ ನೋಡಬೇಕು. ತುಂಬಿದ ಜಲಾಶಯದೆದುರು ಪುಳಿಯೋಗರೆ ತಿಂದು, ಮಾಮಿ ತಂದ ಕ್ಯಾನಿನಿಂದ ನೀರು ಕುಡಿದೆವು.

“ಇದ್ಯಾವ ನೀರು ಮಾಮಿ?”

“ನಮ್ಮನೆ ಕಾವೇರಿ ಕಣೋ. ಕಾಯಿಸಿ, ಸೋಸಿ ತಂದಿದೀನಿ. ಇಲ್ಲಿ ನೀರು ಹೇಗಿರತ್ತೋ ಏನೋ!”

ಮಧ್ಯಾಹ್ನ ಕ್ಯಾನು ಖಾಲಿಯಾಯಿತು. ಜಲಾಶಯದ ದಡದಲ್ಲಿ ಕುಡಿಯಲು ನೀರಿಲ್ಲವೆಂದು, ಕಾರಂಜಿಗೆ ಕಾಯದೆ ವಾಪಸಾದೆವು.

ಗಾಳಿ

ಎರಡನೇ ಸಲ ಕಡಲೆಕಾಯಿ ಬಿಡಿಸುತ್ತಾ ಮೆಟ್ಟಿಲ ಮೇಲೆ ಜಾಗ ಹಿಡಿದು ಕೂತಿದ್ದೆವು. ಹೊತ್ತು ಮುಳುಗುವಾಗ ಮಾಮಿಯ ಬಾಡಿಗೆದಾರರ ಫೋನು: “ನಲ್ಲಿಯಲ್ಲಿ ಗಾಳಿ ಬರ್ತಿದೆ!”

ಗಾಳಿ ಬಂತೆಂದರೆ ಹಿಂದೆಯೇ ನೀರು. ಸಂಪಿನ ವಾಲ್ವಿಗೆ ಹಾಕಿದ ಬೀಗದ ಕೈ ಮಾಮಾ ಜೇಬಿನಲ್ಲಿತ್ತು. ರಾಷ್ಟ್ರಗೀತೆಗೆ ಎದ್ದಂತೆ ಎಲ್ಲರೂ ಎದ್ದೆವು.

ವ್ಯಾನ್ ಓಡಿಸುವ ಶಿವಾಜಿನಗರದ ಭಾಯ್ ಕೇಳಿದರು, “ಮೂರು ಗಂಟೆ ದಾರಿ ಮಾಮಿ. ಅಲ್ಲೀ ತನಕ ಪಾನಿ ನಿಮಗೋಸ್ಕರ ಕಾಯುತ್ತಾ?”

ಕಾಯಲಿಲ್ಲ.

ಮೋಟಾರು

ಈಗ ಅರ್ಧ ಬೀದಿ ಲಿಂಗರಾಜಪುರ, ಮಾರತ್ತಹಳ್ಳಿಯ ಫ್ಲ್ಯಾಟುಗಳಿಗೆ ಚದುರಿದೆ. ಆದರೂ ಈ ಸಲ ಎಲ್ಲರೂ ಬಂದರು. ಅದೇ ಭಾಯ್, ಅದೇ ಪುಳಿಯೋಗರೆ. ಮಾಮಾ ಬೀಗದ ಕೈಯನ್ನು ಬಾಡಿಗೆದಾರರಿಗೆ ಒಪ್ಪಿಸಿದರು, ಮಗಳನ್ನು ಧಾರೆಯೆರೆದು ಕೊಡುವ ಮುಖ ಮಾಡಿಕೊಂಡು.

ಮಾಮಿ ಮಂಡಿ ಹಿಡಿದುಕೊಂಡೇ ಮುಂದಿನ ಸಾಲಿನಲ್ಲಿ ಕೂತರು. “ಇನ್ನೊಂದ್ಸಲ ಈ ಮೆಟ್ಟಿಲು ಇಳಿಯಕ್ಕಾಗಲ್ಲ ಕಣೋ. ಇವತ್ತು ನೋಡ್ಲೇಬೇಕು.”

ಇಲ್ಲಿ ಒಂದು ಮಾತು. ಯಾರ ಮನೆಯ ಟ್ಯಾಂಕು ಉಕ್ಕಿದರೂ ಕಂಡವರು ಕೂಗಬೇಕು, ಇದು ನಮ್ಮ ಬೀದಿಯ ಪದ್ಧತಿ.

ದೀಪ ಹತ್ತಿತು. ಕೆಂಪು, ಹಸಿರು ನೀರು ಮೇಲಕ್ಕೆ ಚಿಮ್ಮಿತು. ಮಾಮಿ ಧಡಕ್ಕನೆ ಎದ್ದು ನಿಂತರು.

“ರೀ! ತುಂಬಿ ಚೆಲ್ತಿದೆ, ಮೋಟಾರ್ ಆಫ್ ಮಾಡ್ರೀ!”

ಮಾಮಾ ಆಗಲೇ ದಡದಡ ಮೆಟ್ಟಿಲು ಹತ್ತುತ್ತಿದ್ದರು. ಭಾಯ್ ಹಿಡಿದು ತಂದು ಕೂರಿಸಿದರು.

ಮಾಮಿ ಕಾರಂಜಿಯನ್ನು ಕೊನೆಯವರೆಗೂ ನೋಡಿದರು. ಆ ಭಾನುವಾರ ನಮ್ಮ ಬೀದಿಗೆ ನೀರು ಬರಲಿಲ್ಲ.